ಬೇಲಿ ಹಾರಿದ ಸಾಕ್ಷಿಗೆ

ಮಾನ್ಯ ಟಗರು ಮಹಾಶಯರೇ,

ಚಿಕ್ಕಜಾಜೂರು ಸೀಮೆಯ ಎಂಬತ್ತು ಕುರಿಗಳಿಗೆ ಮುಂದಾಳುಗಳೂ ಸುರುಳಿ ಕೊಂಬಿನವರೂ ಆದ ತಮಗೆ, ಏಳನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದ ತಿಮ್ಮರಾಯಪ್ಪನು ಊರೆಲ್ಲ ಓದಲೆಂದೇ ಬರೆದು ಮಾಡುವ ನಮಸ್ಕಾರಗಳು. ನಾನು ಇತ್ತ ಕ್ಷೇಮ. ತಮ್ಮ ಕ್ಷೇಮವನ್ನು ಕಮಿಷನರ್ ಸಾಹೇಬರು ಬಂದ ದಿನವೇ ಕಣ್ಣಾರೆ ಕಂಡಿದ್ದೇನೆ.

ನಮ್ಮಪ್ಪ ಬಿಟ್ಟುಹೋದ ಮೂರೆಕರೆ ಹೊಲ ನನ್ನ ಸ್ವಾಧೀನದಲ್ಲಿದೆಯೆಂದು ನಾನೂ, ತನ್ನ ಸ್ವಾಧೀನದಲ್ಲಿದೆಯೆಂದು ತಂಗಿ ನಿಂಗಕ್ಕನೂ ಹೊಳಲ್ಕೆರೆ ಕೋರ್ಟಿಗೆ ಹನ್ನೊಂದು ವರ್ಷದಿಂದ ಅಲೆಯುತ್ತಿರುವುದು ತಾವು ಅರಿಯದ್ದೇನಲ್ಲ. ಕೊನೆಗೆ ಸ್ಥಳ ನೋಡಿ ಬರಲು ಕೋರ್ಟು ಕಮಿಷನರನ್ನು ಕಳಿಸಿತು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುವವನೇ ಹೊಲದ ಒಡೆಯನೆಂದು ನಮ್ಮ ಕಡೆ ಎಲ್ಲರೂ ಬಲ್ಲರಾದ್ದರಿಂದ, ಹಿಂದಿನ ದಿನವೇ ಕುರಿ ಕಾಯುವ ಪಾಲಣ್ಣನ ಮಂದೆಯನ್ನು ಕರೆತಂದು ನಿಲ್ಲಿಸಿದೆ. ಇಂಥ ಉಪಾಯ ನಮ್ಮ ವಕೀಲರಿಗೂ ಹೊಳೆದಿರಲಿಲ್ಲ. ಪ್ರತಿ ಬೇಸಿಗೆ ಅದೇ ಮಂದೆಯನ್ನು ಅದೇ ಹೊಲಕ್ಕೆ ಕರೆಸುತ್ತಿದ್ದವಳು ನಿಂಗಕ್ಕನೆಂದೂ, ತಾವು ಅವಳ ಹಿತ್ತಲಲ್ಲೇ ಹುಟ್ಟಿ ಬೆಳೆದು ಆಮೇಲೆ ಮಂದೆ ಸೇರಿದವರೆಂದೂ ಮಾತ್ರ ನಾನು ವಿಚಾರಿಸಲಿಲ್ಲ. ದೊಡ್ಡ ತಲೆಗೆ ಸಣ್ಣ ವಿಷಯ ತಪ್ಪುವುದುಂಟು.

ಸಾಹೇಬರು ಕೇಳಿದಾಗ ನಾನು ಎದೆಯುಬ್ಬಿಸಿ, "ವರ್ಷಾ ವರ್ಷಾ ನಾನೇ ನಿಲ್ಸೋದು ಸ್ವಾಮಿ, ಇವಕ್ಕೆ ನನ್ ಬಿಟ್ರೆ ಬೇರೆ ಯಾರೂ ಗೊತ್ತಿಲ್ಲ" ಎಂದೆ. ಅಷ್ಟರಲ್ಲಿ ನಿಂಗಕ್ಕ ಸೆರಗಿನಲ್ಲಿ ಹುರುಳಿ ಹಿಡಿದು ಬದುವಿನ ಮೇಲೆ ನಿಂತು, "ಬಾರಲೇ ಕರಿಯಾ, ಅಣ್ಣಯ್ಯ ತಿನ್ನಾಕೆ ಏನೂ ಕೊಟ್ಟಿಲ್ಲೇನೋ" ಎಂದಳು. ತಾವು ಮುಳ್ಳುಬೇಲಿ ಹಾರಿ ಹೊರಟಿರಿ. ತಮ್ಮ ಹಿಂದೆ ಮಂದೆಗೆ ಮಂದೆಯೇ ಹೊರಟಿತು. ಸಾಹೇಬರ ಪೆನ್ನೂ ಅದೇ ದಿಕ್ಕಿಗೆ ಹೊರಟಿತು.

ಇಬ್ಬರು ವಕೀಲರು ಹನ್ನೊಂದು ವರ್ಷ ಮಾತಾಡಿ ಮುಗಿಸದ್ದನ್ನು ಬಾಯಿ ಬಿಡದೆ ಮುಗಿಸಿದ ತಮ್ಮ ಪ್ರತಿಭೆಗೆ ತಲೆಬಾಗುತ್ತೇನೆ. ಆದರೂ ಮುಂದಿನ ವಾಯಿದೆಗೆ ತಾವು ಖುದ್ದಾಗಿ ಹಾಜರಾಗಿ, ಅಂದು ಹೋದದ್ದು ಹುರುಳಿಯ ಆಸೆಗೇ ಹೊರತು ಹೊಲದ ಹಕ್ಕಿನ ಬಗ್ಗೆ ತಮಗೆ ಯಾವ ಅಭಿಪ್ರಾಯವೂ ಇಲ್ಲವೆಂದು ಪ್ರಮಾಣ ಮಾಡಿ, ಕಾಗದಕ್ಕೆ ಗೊರಸು ಒತ್ತಿಕೊಡಬೇಕಾಗಿ ವಿನಂತಿ. ಹಿಡಿ ಹುರುಳಿಗೆ ಪಕ್ಷ ಬದಲಿಸುವುದು ತಮ್ಮಂಥ ಕೊಂಬಿನವರಿಗೆ ಶೋಭೆಯಲ್ಲ.

ಅಂದು ತಮ್ಮ ಹಿಂದೆ ಹೊರಡದೆ ಹೊಲದಲ್ಲೇ ಉಳಿದ ಏಕೈಕ ಪ್ರಾಣಿಯಾದ,
ತಮ್ಮ ವಿಶ್ವಾಸಿ
ತಿಮ್ಮರಾಯಪ್ಪ

ವಿ.ಸೂ.: ಇಷ್ಟು ಬರೆಯುವಷ್ಟರಲ್ಲಿ ನಿಂಗಕ್ಕ ಹೇಳಿಕಳಿಸಿದ್ದಾಳೆ: "ಕೇಸು ವಾಪಸ್ ತಗಳ್ಳಲಿ, ಒಂದೂವರೆ ಎಕರೆ ಅಣ್ಣಯ್ಯಂದೇ. ಭಾನುವಾರ ಊಟಕ್ಕೂ ಬರ್ಲಿ." ನಾನು ಒಪ್ಪಿ, ಊಟಕ್ಕೆ ತಮ್ಮ ಹೆಸರನ್ನೇ ಗೌರವಪೂರ್ವಕವಾಗಿ ಸೂಚಿಸಿದೆ. "ಅದು ನನ್ ಕಡೆ ಸಾಕ್ಷಿ, ಅದನ್ನ ಮುಟ್ಟಂಗಿಲ್ಲ" ಎಂದಳಂತೆ. ಹೀಗಾಗಿ ಭಾನುವಾರ ತಾವು ಅಂಗಳದಲ್ಲಿ ಹುರುಳಿ ತಿನ್ನುವಿರಿ, ನಾನು ಒಳಗೆ ಹುರುಳಿ ಸಾರು ಉಣ್ಣುವೆನು.