ಹಾರಿದ ಹೊಟ್ಟು ಎಲ್ಲಿ ಹೋಗ್ತದ್ರೀ ಸರ್?

ಆಕಾಶದ ಬಗ್ಗೆ ಮಾತಾಡೋರಿಗೆ ನೆಲದ ಮ್ಯಾಲ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ನಾ ಕಲಬುರಗಿಯ ಒಂದು ಕಾಲೇಜಿನಾಗ ಫಿಜಿಕ್ಸ್ ಮಾಸ್ತರ. ಸಾಲಿ, ಓಣಿ, ಸಂಘ, ಎಲ್ಲಿ ಕರೆದ್ರೂ ಹೋಗಿ ಗ್ಯಾಲಕ್ಸಿ ಬಗ್ಗೆ ಭಾಷಣ ಮಾಡೋ ಚಟ ನಂದು. ಗ್ಯಾಲಕ್ಸಿ ಅಂದ್ರ ಕೋಟಿ ಕೋಟಿ ನಕ್ಷತ್ರದ ಊರು. ಅಂಥ ನೂರಾರು ಊರು ಒಂದನ್ನೊಂದು ಎಳೆದಾಡಿಕೋತ ಒಂದೇ ಕಡೆ ಇದ್ರ ಅದಕ್ಕ ಗ್ಯಾಲಕ್ಸಿ ಗುಂಪು ಅಂತಾರ. ಅಲ್ಲಿ ಗುದ್ದಾಟ ಅದ, ಕೂಡೋದು ಅದ, ದೊಡ್ಡದು ಸಣ್ಣದನ್ನ ನುಂಗೋದೂ ಅದ. ಒಟ್ಟಿನಾಗ ನಮ್ಮಂಗೇ ಸಂಸಾರ.

ನನ್ನ ಜೋಡಿ ಯಾವಾಗ್ಲೂ ನಮ್ಮ ಲ್ಯಾಬ್ ಅಟೆಂಡರ್ ಬರ್ತಿದ್ರು. ನನಗಿಂತ ವಯಸ್ಸಿನಾಗ ದೊಡ್ಡವರು, ಇಡೀ ಕಾಲೇಜಿಗೆ ಅವರು ಚಾಚಾ. ಪ್ರೊಜೆಕ್ಟರ್ ಹಚ್ಚೋದು, ಪರದಾ ಕಟ್ಟೋದು ಅವರ ಕೆಲಸ. ಅದು ಮುಗಿದ ಮ್ಯಾಲ ನನಗ ಒಂದು ಪ್ರಶ್ನೆ ಕೇಳೋದು ಅವರ ಚಾಳಿ. ಎಂಥಾ ಪ್ರಶ್ನೆ ಅಂತೀರಿ, ಎಂ.ಎಸ್ಸಿ. ಓದೋರಿಗೂ ಹೊಳೀದಂಥವು! ಅಂಥ ಚಾಚಾ ಕಡೀ ಆರು ವರ್ಷ ನನಗ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ತಪ್ಪು ನಂದು. ಕೆಳಗಿನ ಸಂಗತಿ ಓದಿ ನೀವು ನಗ್ರಿ, ನನಗ ಮಾತ್ರ ಪೂರಾ ನಗು ಬರಂಗಿಲ್ಲ.

೧. ವೈರ್ ಸುತ್ತಿದ ಪ್ರೊಫೆಸರ್

ನಮ್ಮೂರ ಖೂಬಾ ಪ್ಲಾಟ್ ಬಡಾವಣೆಯೊಳಗ ಒಂದು ಹಿರಿಯರ ಸಂಘ. ಸಂಜಿ ಐದಕ್ಕ ಭಾಷಣ. ನಾ ಸೂಟು ಹಾಕ್ಕೊಂಡು ಹೋಗಿದ್ದೆ. ಎರಡು ಗ್ಯಾಲಕ್ಸಿ ಎದುರಾಎದುರು ಬಂದು ಡಿಕ್ಕಿ ಹೊಡದ್ರೂ ಒಳಗಿನ ನಕ್ಷತ್ರ ಒಂದಕ್ಕೊಂದು ತಾಗಂಗಿಲ್ಲ, ಆರಾಮ ದಾಟಿ ಹೋಗ್ತಾವ, ಗುದ್ದಾಡೋದು ನಡುವಿನ ಗ್ಯಾಸ್ ಮಾತ್ರ ಅಂತ ಹೇಳಿದೆ.

ಮುಂದಿನ ಕುರ್ಚಿಯೊಳಗಿನ ರಿಟೈರ್ಡ್ ತಹಸೀಲ್ದಾರರು ಕೈ ಎತ್ತಿದ್ರು. "ಏನ್ ಹೇಳಾಕತ್ತೀರಿ ನೀವು? ನಮ್ಮ ಓಣಿಯೊಳಗ ಎರಡು ಆಟೋ ತಾಗದಂಗ ಹೋಗಂಗಿಲ್ಲ. ಕೋಟಿ ನಕ್ಷತ್ರ ತಾಗದಂಗ ಹೋಗ್ತಾವ?"

ನಾ ಬೋರ್ಡಿನ ಮ್ಯಾಲ ಹತ್ತರ ಮುಂದ ಸೊನ್ನಿ ಬರೀಲಾಕ ಶುರು ಮಾಡಿದೆ. ಎಲ್ಲಾರ ಮಾರಿ ಜೋತು ಬಿತ್ತು. ಆಗ ಮೂಲಿಯೊಳಗ ನಿಂತ ಚಾಚಾ ಮೆಲ್ಲಗ ಅಂದ್ರು: "ಸಾಬ್, ನಕ್ಷತ್ರ ಅಂದ್ರ ಒಂದು ಸಾಸಿವಿ ಕಾಳು ಅಂತ ತಿಳೀರಿ. ಒಂದು ಕಾಳು ಇಲ್ಲೇ ಖೂಬಾ ಪ್ಲಾಟಿನಾಗ. ಅದರ ಬಾಜೂದ ಕಾಳು ಮೂವತ್ತು-ನಲವತ್ತು ಕಿಲೋಮೀಟರ್ ಆಚಿ, ಕಮಲಾಪುರದಾಗ. ಹ್ಯಾಂಗ ತಾಗ್ತಾವ?"

"ಹಾಂ! ಈಗ ತಿಳೀತು ನೋಡ್ರಿ!" ಅಂತ ತಹಸೀಲ್ದಾರರು ತೊಡಿ ತಟ್ಟಿದ್ರು. ಕಾರ್ಯಕ್ರಮ ಮುಗಿದ ಕೂಡ್ಲೇ ಎದ್ದು ಬಂದು ಚಾಚಾನ ಕೈ ಹಿಡಿದು, "ಭಾಳ ಛಲೋ ಹೇಳಿದ್ರಿ ಪ್ರೊಫೆಸರ್ ಸಾಹೇಬ್ರ" ಅಂದ್ರು. ಆಮ್ಯಾಲ ನನ್ನ ಕಡೆ ತಿರುಗಿ ಅಂದ್ರು: "ತಮ್ಮಾ, ನೀ ಆ ವೈರ್ ಸುತ್ತಿಡೋ, ಯಾರಾದ್ರೂ ಎಡವಿಗಿಡವ್ಯಾರು."

ಸುತ್ತಿಟ್ಟೆ. ಏನ್ ಮಾಡೋದು, ಸೂಟು ಹಾಕ್ಕೊಂಡೇ ಸುತ್ತಿಟ್ಟೆ.

೨. ಚಾರ್ಟು ಹಾರಿದ್ದು

ಆಮ್ಯಾಲ ಕಮಲಾಪುರದ ಒಂದು ಸಾಲಿಯಿಂದ ಕರೆ ಬಂತು. ನನ್ನ ಸ್ಕೂಟರ್ ಮ್ಯಾಲ ಇಬ್ರೂ ಹೊಂಟಿವಿ. ಚಾಚಾ ಹಿಂದ ಕುಂತು ತೊಡಿಮ್ಯಾಲ ಪ್ರೊಜೆಕ್ಟರ್, ಬಗಲಾಗ ನಾ ಹದಿನೈದು ದಿನ ಕುಂತು ಬಣ್ಣ ಹಚ್ಚಿದ ದೊಡ್ಡ ಚಾರ್ಟಿನ ಸುರುಳಿ ಹಿಡಕೊಂಡಿದ್ರು. ಕಪನೂರ ದಾಟಿ ಸ್ವಲ್ಪ ಮುಂದ ಹೋದಾಗ ಅವರು ಅಂದ್ರು, "ಸರ್, ಇವತ್ತು ಗಾಳೀನೇ ಇಲ್ಲ. ಒಂದು ಎಲಿ ಅಳ್ಳಾಡವಲ್ದು. ನಮಗ್ಯಾಕ ಇಷ್ಟು ಗಾಳಿ ಬಡಿಯಾಕತ್ತದ?"

ಇಂಥಾ ಪ್ರಶ್ನೆ ಬಂದ್ರ ನಾ ಬಿಡ್ತೀನೇನು? "ಗಾಳಿ ನಮ್ಮ ಕಡೆ ಬಂದಿಲ್ಲ ಚಾಚಾ, ನಾವು ಗಾಳಿಯೊಳಗ ನುಗ್ಗಾಕತ್ತೀವಿ. ಗ್ಯಾಲಕ್ಸಿ ಗುಂಪಿನಾಗೂ ಹಿಂಗೇ. ಅಲ್ಲಿ ಊರ ಊರ ನಡುವ ತೆಳ್ಳಗ, ಕಾದ ಗ್ಯಾಸ್ ತುಂಬ್ಯದ. ಹೊರಗಿನ ಗ್ಯಾಲಕ್ಸಿ ಜೋರಲೆ ಒಳಗ ಬಂತಂದ್ರ ಆ ಗಾಳಿ ಅದರ ಮೈಯೊಳಗಿನ ಗ್ಯಾಸ್ ಬಡಿದು ಹಾರಸ್ತದ. ನಕ್ಷತ್ರ ಉಳೀತಾವ, ಗ್ಯಾಸ್ ಹೋಗ್ತದ. ಗ್ಯಾಸ್ ಇಲ್ಲಂದ್ರ ಹೊಸ ನಕ್ಷತ್ರ ಹುಟ್ಟಂಗಿಲ್ಲ. ಇದ್ದವು ಮುದುಕಾಗಿ ಇಡೀ ಗ್ಯಾಲಕ್ಸಿ ಕೆಂಪಗಾಗ್ತದ."

"ಸರ್, ಹಂಗಾದ್ರ ಹಾರಿದ್ದು ಎಲ್ಲಿ ಹೋಗಿರಬೇಕು?"

ವಾಹ್, ಎಂಥಾ ಪ್ರಶ್ನೆ ಅಂತ ನಂಗ ಖುಷಿಯೋ ಖುಷಿ. ಸ್ಕೂಟರ್ ಓಡಸ್ಕೋತ ಗ್ಯಾಸಿನ ಬಾಲ, ಅದರ ಉದ್ದ, ಅದನ್ನ ದುರ್ಬೀನಿನಾಗ ನೋಡೋ ರೀತಿ ಎಲ್ಲಾ ಶುರು ಹಚ್ಚಿಕೊಂಡೆ. ಚಾಚಾ ಪಾಪ ಮರ್ಯಾದಿಯಿಂದ ನಾ ಉಸಿರು ತಗೊಳ್ಳೋ ತನಕ ಕಾದು ಅಂದ್ರು:

"ಅದಲ್ರೀ ಸರ್, ನಿಮ್ಮ ಚಾರ್ಟು. ಎರಡು ಕಿಲೋಮೀಟರ್ ಹಿಂದೇ ಹಾರಿ ಹೋಗ್ಯದ."

೩. ಹೆಡ್‌ಮಾಸ್ತರರ ಚಾ

ತಿರುಗಿ ಹೋಗಿ ಹುಡುಕಿದ್ರೂ ಚಾರ್ಟು ಸಿಗಲಿಲ್ಲ. ಸಾಲಿಗೆ ಹೋದ್ರ ಪ್ರೊಜೆಕ್ಟರಿಗೆ ಸಾಕಾಗುವಷ್ಟು ಕರೆಂಟ್ ಇಲ್ಲ, ಫ್ಯಾನ್ ತಿರುಗುವಷ್ಟು ಮಾತ್ರ ಅದ. ನಾ ತಲಿಮ್ಯಾಲ ಕೈ ಹೊತ್ಕೊಂಡು ಕುಂತೆ. ಚಾಚಾನ ಹೆಂಡತಿ ತೌರು ಮನಿ ಅದೇ ಊರಾಗ. ಆ ವಾರ ಅವರು ಅಲ್ಲೇ ಇದ್ರು. "ಹತ್ತು ಮಿಂಟು ಬಂದೆ ಸರ್" ಅಂತ ಹೋದ ಚಾಚಾ ಬರುವಾಗ ಒಂದು ಮೊರ, ಅದರ ತುಂಬ ಹೊಟ್ಟು ಕೂಡಿದ ಜೋಳ ತಂದ್ರು.

"ಮಕ್ಕಳೇ, ಈ ಮೊರ ಗ್ಯಾಲಕ್ಸಿ. ಕಾಳು ನಕ್ಷತ್ರ. ಹೊಟ್ಟು ಗ್ಯಾಸ್" ಅಂತ ಹೇಳಿ, ಫ್ಯಾನ್ ಮುಂದ ನಿಂತು ತೂರೇಬಿಟ್ರು. ಕಾಳು ಟಪಟಪ ಕಾಲ ಬುಡಕ್ಕ ಬಿತ್ತು. ಹೊಟ್ಟು ಉದ್ದಕ ಬಾಲ ಬಿಟ್ಕೊಂಡು ಹಾರಿತು. ನಾ ಹದಿನೈದು ದಿನ ಬರೆದ ಚಾರ್ಟಿನಾಗೂ ಅಷ್ಟು ಛಂದ ಬಾಲ ಇರಲಿಲ್ಲ. ಮಕ್ಕಳು ಓ ಅಂತ ಎದ್ದು ನಿಂತ್ರು.

ಆದ್ರ ಆ ಬಾಲದ ತುದಿಗೆ ಹೆಡ್‌ಮಾಸ್ತರರು ಕುಂತಿದ್ರು. ಅವರ ಬಿಳಿ ಅಂಗಿ, ಮೀಸಿ, ಕೈಯಾಗಿನ ಚಾ, ಎಲ್ಲಾದರ ಮ್ಯಾಲ ಹೊಟ್ಟು. ನನಗ ಎಲ್ಲಿತ್ತೋ ಸಿಟ್ಟು ಬಂತು. ಖರೇ ಹೇಳ್ತೀನಿ, ಅಂಗಿಗಾಗಿ ಬಂದ ಸಿಟ್ಟಲ್ಲ ಅದು. ವೈರ್ ಸುತ್ತಿದ ಸಿಟ್ಟು. "ಚಾಚಾ! ಇದು ಫಿಜಿಕ್ಸ್ ಪಾಠ, ನಿಮ್ಮ ಕಣ ಅಲ್ಲ!" ಅಂತ ಮಕ್ಕಳ ಮುಂದ ಒದರಿದೆ. ಚಾಚಾ ಕುಂತು ಒಂದೊಂದೇ ಕಾಳು ಆರಿಸಿ ಮೊರಕ್ಕ ಹಾಕಿದ್ರು. ಆ ಕಾಳು ಆರಿಸಿದ್ದು ಈಗಲೂ ಕಣ್ಣ ಮುಂದ ಬರ್ತದ.

ಮೊರ ಹೆಂಡತಿಗೆ ಮುಟ್ಟಿಸಿ ಬಂದು, ಹೊರಳಿ ಬರುವಾಗ ಅವರು ಸ್ಕೂಟರ್ ಹಿಂದಿಂದ ಕೇಳಿದ್ರು: "ಖರೇ ಖರೇ ಗ್ಯಾಲಕ್ಸಿಯೊಳಗ, ಹಾರಿದ ಹೊಟ್ಟು ಎಲ್ಲಿ ಹೋಗ್ತದ್ರೀ ಸರ್?"

ನಾ ಬಿಗುಮಾನದಾಗಿದ್ದೆ. "ಆಮ್ಯಾಲ ಹೇಳ್ತೀನಿ" ಅಂದೆ.

ಎಂಟು ದಿನಕ್ಕ ಹೆಡ್‌ಮಾಸ್ತರರ ಪತ್ರ ಬಂತು: "ತಮ್ಮ ಮೊರದ ಪ್ರಯೋಗ ಅದ್ಭುತ. ಚಾದಾಗಿನ ಹೊಟ್ಟು ಸೋಸಿ ಕುಡಿದೆ, ರುಚಿ ಕೆಟ್ಟಿರಲಿಲ್ಲ."

೪. ಶಾಲಿನಾಗಿನ ಜೋಳ

ಪತ್ರದಾಗ "ತಮ್ಮ ಪ್ರಯೋಗ" ಅಂತ ಇತ್ತಲ್ಲ, ಆ ಮಾತು ನನ್ನ ತಲಿಯೊಳಗ ಕುಂತುಬಿಡ್ತು. ತಿಂಗಳೊಪ್ಪತ್ತಿನಾಗ ಐವಾನ್-ಎ-ಶಾಹಿ ಕಡೆ ಒಂದು ಹಾಲಿನಾಗ ವಿಜ್ಞಾನ ಮಾಸ್ತರರ ತರಬೇತಿ. ನಾ ಬಜಾರಕ್ಕ ಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಮೊರ ತಂದೆ. ತೂರೋದೇನು ದೊಡ್ಡ ವಿದ್ಯಾ ಅಂತ ಮನ್ಯಾಗ ಒಂದು ಸಲನೂ ಮಾಡಿ ನೋಡಲಿಲ್ಲ.

ವೇದಿಕಿ ಮ್ಯಾಲ ನಿಂತು ಮೊರ ಎತ್ತಿ ಒಂದೇ ಸಲಕ್ಕ ಝಾಡಿಸಿದೆ. ಹೊಟ್ಟು ನನ್ನ ಕಣ್ಣಿಗೆ, ಕಾಳು ಮುಂದಿನ ಸಾಲಿನ ಅಧಿಕಾರಿಗಳ ಮಾರಿಗೆ. ಒಬ್ಬರು ಫೈಲ್ ಅಡ್ಡ ಹಿಡಿದು, "ಏನ್ರಿ, ಮದುವಿ ಅಕ್ಷತಿ ಹಾಕಾಕತ್ತೀರೇನು?" ಅಂದ್ರು. ಸಭಾ ನಕ್ಕಿದ್ದೇ ನಕ್ಕಿದ್ದು.

ಆಗ ಚಾಚಾ ಮೂಲಿಯಿಂದ ಬಂದು ನನ್ನ ಕೈಯಾಗಿನ ಮೊರ ತಗೊಂಡ್ರು. ಉಳಿದ ಜೋಳ ನಿಧಾನ ತೂರಿದ್ರು. ಕಾಳು ಕೆಳಗ, ಹೊಟ್ಟು ಬಾಲ. ಜೋರು ಚಪ್ಪಾಳಿ ಬಿತ್ತು. ಅಧಿಕಾರಿ ಎದ್ದು, "ಇದು ಯಾರ ಉಪಾಯ?" ಅಂತ ಕೇಳಿದ್ರು. ಚಾಚಾ ನನ್ನ ಬಾಜೂಕ, ಒಂದೇ ಮೊಳ ದೂರ ನಿಂತಿದ್ರು. ನಾ ಹೇಳಿದೆ, "ನಂದೇ ಸರ್. ಹಿಂಗೇ ಒಂದಿನ ಹೊಳೀತು."

ನನಗ ಶಾಲು ಹೊದಿಸಿದ್ರು. ಅದನ್ನ ಮಡಿಚಿ ನನ್ನ ಚೀಲಕ್ಕ ಇಟ್ಟವರೂ ಚಾಚಾನೇ.

ಮರುದಿನದಿಂದ ಪ್ರಶ್ನೆ ಬಂದ್ ಆದವು. "ನಮಸ್ಕಾರ ಸರ್", "ಚಾವಿ ಇಲ್ಲಿದೆ ಸರ್", ಅಷ್ಟೇ ಮಾತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ, ಅವರು ಸುಮ್ಮನ ಕೆಮ್ಮಿದ್ರೂ ನನಗ ಅಂದಂಗ ಆಗ್ತಿತ್ತು. ಗಾಳಿ ಬಂದಾಗ ತೂರಿಕೋ ಅಂತಾರ ಹಿರಿಯರು. ತಪ್ಪಾತು ಅನ್ನೋದಕ್ಕೂ ಹಂಗೇ ಒಂದು ಹೊತ್ತು ಇರ್ತದ. ಇವತ್ತು ಹೇಳೋಣ, ನಾಳಿ ಹೇಳೋಣ ಅಂತ ಆರು ವರ್ಷ ಕಳೆದೆ. ಪ್ರಶ್ನೆ ಇಲ್ಲದ ಲ್ಯಾಬು ಎಷ್ಟು ಭಣಭಣ ಅಂತದ ಅಂತ ಯಾರಿಗೆ ಹೇಳಲಿ?

ಆ ತರಬೇತಿ ದಿನ ಮನಿಗೆ ಹೋಗಿ ಶಾಲು ಬಿಚ್ಚಿದಾಗ ನಾಕು ಕಾಳು ಫರ್ಶಿ ಮ್ಯಾಲ ಬಿದ್ದವು. ನನ್ನ ಹೆಂಡತಿ ನೋಡಿ ಕೇಳಿದಳು: "ಈಗೀಗ ಸನ್ಮಾನಕ್ಕ ರೇಷನ್ನೂ ಕೊಡಾಕತ್ತಾರೇನ್ರಿ?"

೫. ಬೀಳ್ಕೊಡುಗಿ

ಹೋದ ತಿಂಗಳು ಚಾಚಾ ರಿಟೈರ್ ಆದ್ರು. ಅವತ್ತು ಹೇಳಲಿಲ್ಲಂದ್ರ ಇನ್ನ ಯಾವತ್ತೂ ಇಲ್ಲ ಅಂತ ಆ ಶಾಲು ಅಲಮಾರಿಯಿಂದ ತೆಗೆದು ಚೀಲದಾಗ ಇಟ್ಕೊಂಡು ಹೋದೆ. ಮುಂದಿನ ಸಾಲಿನಾಗ ಚಾಚಾನ ಹೆಂಡತಿ ಕುಂತಿದ್ರು. ನಾವೆಲ್ಲಾ ಚಾಚಿ ಅಂತೀವಿ. ನನ್ನ ಸರದಿ ಬಂತು.

"ಆ ಮೊರದ ಉಪಾಯ ನಂದಲ್ಲ" ಅಂದೆ. "ಚಾಚಾಂದು. ಅವರನ್ನ ಬಾಜೂಕ ನಿಲ್ಲಿಸ್ಕೊಂಡು ನಂದು ಅಂತ ಸುಳ್ಳು ಹೇಳಿದೆ. ಮಕ್ಕಳ ಮುಂದ ಅವರಿಗೇ ಬೈದಿದ್ದೆ. ಚಾಚಾ, ನಂದು ತಪ್ಪಾತು. ಮಾಫ್ ಮಾಡ್ರಿ." ಚೀಲದಿಂದ ಶಾಲು ತೆಗೆದು ಅವರ ಹೆಗಲಿಗೆ ಹಾಕಾಕ ಹೋದೆ.

ಚಾಚಾ ಎರಡು ಹೆಜ್ಜಿ ಹಿಂದ ಸರದ್ರು. ಮಾರಿ ಪೂರಾ ಕೆಂಪಗಾಗಿತ್ತು. "ಬ್ಯಾಡ್ರೀ ಸರ್. ಅದು... ಅದು ನಂದೂ ಅಲ್ರೀ."

ಚಾಚಿ ಎದ್ದು ನಿಂತ್ರು.

"ಆರು ವರ್ಷ ಆತ್ರೀ ಈ ಮಾತು ಇವರ ಬಾಯಿಂದ ಕೇಳಾಕ" ಅಂದ್ರು. "ಅವತ್ತು ಕಮಲಾಪುರದಾಗ ನಾ ಜೋಳ ಹಸನ ಮಾಡ್ತಾ ಕುಂತಿದ್ದೆ. ಇವರು ಓಡಿ ಬಂದು, ಸರ್ ಚಾರ್ಟು ಹಾರಿ ಹೋಯ್ತು, ಗ್ಯಾಸ್ ಹಾರೋದು ಹ್ಯಾಂಗ ತೋರಸ್ಲಿ ಅಂದ್ರು. ಇಕಾ, ಇದನ್ನೇ ತೂರಿ ತೋರಸ್ರಿ ಅಂತ ಮೊರ ಕೊಟ್ಟಾಕಿ ನಾನು. ಆಮ್ಯಾಲ ಒಂದಿನ ಮನಿಗೆ ಬಂದು ಬುಸುಬುಸು ಅನ್ನಾಕತ್ರು. 'ನನ್ನ ಉಪಾಯ ಸರ್ ಕದ್ದರು' ಅಂತ. ಅರೇ, ನಿಮ್ಮದು ಯಾವಾಗ ಆತ್ರೀ ಅದು ಅಂದೆ. ಆ ಹಿರಿಯರ ಸಂಘದಾಗ ಹೇಳಿದ ಸಾಸಿವಿ ಕಾಳೂ ನಂದೇ. ಇಲ್ಲಂದ್ರ ಇವರಿಗ್ಯಾಕ ನಮ್ಮ ತೌರೂರು ನೆನಪಾಗ್ತದ?"

ಸಭಾ ನಗಾಕತ್ತು. ನಾ ಮೆಲ್ಲಗ ಕೇಳಿದೆ, "ಹಂಗಾದ್ರ ಚಾಚಾ, ನೀವು ಪ್ರಶ್ನೆ ಕೇಳೋದು ಬಿಟ್ಟಿದ್ದು ನನ್ನ ಮ್ಯಾಲಿನ ಸಿಟ್ಟಿಗಲ್ಲೇನು?"

ಚಾಚಾ ನೆಲ ನೋಡಿದ್ರು. ಉತ್ತರ ಚಾಚೀನೇ ಕೊಟ್ರು: "ಅವೂ ನನ್ನವೇ ಇದ್ದವು. ಕಳ್ಳರಿಗೆ ಇನ್ನ ಪ್ರಶ್ನಾ ಕೊಡಂಗಿಲ್ಲ ಅಂತ ಅವತ್ತೇ ಬಂದ್ ಮಾಡಿದೆ."

ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ರು. ನಾ ಮಾತ್ರ ಆ ಆರು ವರ್ಷದ ಲೆಕ್ಕ ಹಾಕಾಕತ್ತಿದ್ದೆ. ಎಷ್ಟು ಪ್ರಶ್ನೆ ಆ ಮನಿಯೊಳಗೇ ಉಳಿದು ಹೋದವು! ನಾವಿಬ್ರು ಗಂಡಸರು ಒಬ್ರಿಗೊಬ್ರು ಮಾರಿ ತಪ್ಪಿಸ್ಕೋತ ತಿರುಗಿದಿವಿ, ಖರೇ ವಿದ್ಯಾರ್ಥಿ ಅಡಗಿ ಮನ್ಯಾಗ ಕಾಯ್ಕೋತ ಕುಂತಿದ್ರು.

ಆರು ವರ್ಷ ತಡಾ ಮಾಡಿ ಆ ಹಳೇ ಪ್ರಶ್ನೆಗೆ ಉತ್ತರ ಹೇಳಿದೆ. "ಚಾಚಿ, ಹಾರಿದ ಹೊಟ್ಟು ಸುಮ್ಮನ ಹಾಳಾಗಂಗಿಲ್ಲ. ಭಾಳಷ್ಟು ಆ ಗುಂಪಿನ ನಡುವಿನ ಗ್ಯಾಸಿನಾಗ ಕೂಡಿ ಎಲ್ಲಾರದೂ ಆಗ್ತದ. ಒಂದಿಷ್ಟು ಬಾಲದಾಗೇ ತಣ್ಣಗಾಗಿ, ಮನಿ ಬಿಟ್ಟು ದೂರದಾಗ, ಹೊಸ ನಕ್ಷತ್ರ ಹುಟ್ಟಸ್ತದ."

ಚಾಚಿ ಕೇಳಿ ತಲಿ ಅಲ್ಲಾಡಿಸಿದ್ರು. ನಾ ಶಾಲು ಅವರ ಕಡೆ ಚಾಚಿದೆ. ಅವರು ಇಸ್ಕೊಂಡು, ಮೊದಲು ಕಸ ಝಾಡಿಸಿದಂಗ ಜೋರಲೆ ಒಂದು ಸಲ ಝಾಡಿಸಿದ್ರು. ಅಂಚಿನಾಗ ಸಿಕ್ಕೊಂಡಿದ್ದ ಒಂದು ಒಣ ಕಾಳು ನನ್ನ ಬೂಟಿನ ಮ್ಯಾಲ ಬಿತ್ತು. ಆಮ್ಯಾಲ ಹೊದ್ಕೊಂಡು ಕೇಳಿದ್ರು:

"ಅದು ತಿಳೀತ್ರೀ. ಆದ್ರ ಆ ನಡುವಿನ ಗ್ಯಾಸು, ಅದು ಮೊದಲ ಅಲ್ಲಿ ಎಲ್ಲಿಂದ ಬಂತ್ರೀ ಸರ್?"

ಹಾಳು ಬಾಯಿ ನಂದು. ಚಟ ಬಿಡಬೇಕಲ್ಲ. ನನಗ ಗೊತ್ತಾಗೋದರಾಗ ಅಂದುಬಿಟ್ಟೆ:

"ಆಮ್ಯಾಲ ಹೇಳ್ತೀನಿ."

ಹಾಲ್ ಹಾರಿ ಹೋಗುವಂಗ ನಗು. ಪ್ರಿನ್ಸಿಪಾಲರು ಕುರ್ಚಿಯಿಂದ ಜಾರಿದ್ರು. ಆರು ವರ್ಷದ ಮ್ಯಾಲ ಚಾಚಾ ನನ್ನ ಹೆಗಲ ಮ್ಯಾಲ ಕೈ ಹಾಕಿ, ಕಣ್ಣಾಗ ನೀರು ಬರೂ ತನಕ ನಕ್ರು.

ಚಾಚಿ ಮಾತ್ರ ನಗಲಿಲ್ಲ. ಕುರ್ಚಿ ಮುಂದಕ್ಕ ಎಳಕೊಂಡು ಕುಂತ್ರು.

"ಕುಂತೀನ್ರೀ. ಹೇಳ್ರಿ."