ಅಮ್ಮ ಎಲ್ಲಿ ಹೋದಳು ಮೇಡಂ

ಶಾಸ್ತ್ರ ಹೇಳಿ ಬದನೇಕಾಯಿ ತಿನ್ನುವವರಲ್ಲಿ ವಿಜ್ಞಾನದ ಮೇಷ್ಟ್ರುಗಳೂ ಇದ್ದಾರೆ ಎಂಬುದಕ್ಕೆ ನಾನೇ ಸಾಕ್ಷಿ. ಬುಕ್ಕಾಂಬುಧಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ 'ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ಕೇಳಿದ್ದನ್ನೆಲ್ಲ ನಂಬಬೇಡಿ' ಎಂದು ಗಂಟಲು ಹರಿದುಕೊಂಡವನು ನಾನು. ಅಂಥವನು ಪೋರ್ಚುಗಲ್ಲಿನ ವಿಜ್ಞಾನಿಯ ಎದುರು ಕೂತ ದಿನ, ಇಸ್ತ್ರಿ ಮಾಡಿದ ಬಿಳಿ ಅಂಗಿಯೊಳಗೆ ಎಡಪಕ್ಕೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಒಂದು ಹಾವಿತ್ತು.

ಹಾವು ಬರೆದವಳು ನನ್ನ ಅಕ್ಕ. ಹಿಂದಿನ ದಿನ ಪಕ್ಕೆಯಲ್ಲಿ ಉರಿ ಶುರುವಾಗಿ ಸಾಲಾಗಿ ಗುಳ್ಳೆ ಎದ್ದಿದ್ದವು. ತರೀಕೆರೆಯಿಂದ ಬಂದಿದ್ದ ಅಕ್ಕ ನೋಡಿದವಳೇ, "ಸರ್ಪಸುತ್ತು ಕಣೋ. ತಲೆ ಬಾಲ ಕೂಡಿದ್ರೆ ಉಳಿಗಾಲ ಇಲ್ಲ" ಎಂದಳು. ಕೆಮ್ಮಣ್ಣುಗುಂಡಿಯ ತಾಲ್ಲೂಕಿನವಳಿಗೆ ಕೆಮ್ಮಣ್ಣಿಗೆ ಬರವೇ? ಬ್ಯಾಗಿನಲ್ಲೇ ಒಂದು ಪೊಟ್ಟಣ ಇತ್ತು. ನಾನು ವೈರಸ್ಸು ಎಂದು ಬಾಯಿ ತೆರೆಯುವಷ್ಟರಲ್ಲಿ, "ನಿನ್ ಸೈನ್ಸು ಆಮೇಲೆ, ಮೊದ್ಲು ಅಂಗಿ ಬಿಚ್ಚು" ಎಂದಳು. ಬಿಚ್ಚಿದೆ. ನಿಜ ಹೇಳಬೇಕೆಂದರೆ ಹೆದರಿಕೆಯಿಂದಲ್ಲ. ಅವಳ ಬೆರಳು ಥೇಟ್ ನಮ್ಮಮ್ಮನ ಬೆರಳಿನ ಹಾಗೆ ತಣ್ಣಗಿತ್ತು. ಅಮ್ಮ ಹೋಗಿ ಹನ್ನೊಂದು ವರ್ಷವಾಗಿದೆ.

ನಮ್ಮ ಶಾಲೆಗೆ ಪೋರ್ಚುಗಲ್ಲಿನ ಒಂದು ಶಾಲೆಯ ಜೊತೆ ಕಂಪ್ಯೂಟರಿನಲ್ಲೇ ಮುಖಾಮುಖಿ ಮಾತಾಡುವ ಅವಕಾಶ ಬಂದಿತ್ತು. ವೈದ್ಯಕೀಯ ಸಂಶೋಧನೆ ಎಂದರೇನು ಅಂತ ಎರಡೂ ಕಡೆಯ ಮಕ್ಕಳಿಗೆ ಅಲ್ಲಿನ ವಿಜ್ಞಾನಿಯೊಬ್ಬರು ಹೇಳುವುದು, ಮಕ್ಕಳು ಪ್ರಶ್ನೆ ಕೇಳುವುದು. ಪ್ರಶ್ನೆಗಳನ್ನು ಮೊದಲೇ ಬರೆಸಿ ತಿದ್ದಿದ್ದೆ. ಒಂಬತ್ತನೇ ತರಗತಿಯ ಪವಿತ್ರ ಬರೆದಿದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ಇದನ್ನೆಲ್ಲ ಕೇಳಿ ಊರಿನ ಮಾನ ಕಳೀಬೇಡ ಕಣೇ, ಡಿ.ಎನ್.ಎ. ಬಗ್ಗೆ ಕೇಳು" ಎಂದಿದ್ದೆ. ಅವಳು "ಆಯ್ತು ಸಾರ್" ಎಂದಿದ್ದಳು. ಇಪ್ಪತ್ತೆಂಟು ವರ್ಷದ ಅನುಭವದಲ್ಲಿ, ತಕ್ಷಣ 'ಆಯ್ತು ಸಾರ್' ಎನ್ನುವ ಮಕ್ಕಳನ್ನು ನಂಬಬಾರದು ಎಂದು ಕಲಿತದ್ದು ಆಗ ನೆನಪಾಗಲಿಲ್ಲ.

ಆ ಮಧ್ಯಾಹ್ನ ಕರೆಂಟೂ ಇತ್ತು, ನೆಟ್ಟೂ ಇತ್ತು. ತೆರೆಯ ಮೇಲೆ ನರೆಗೂದಲಿನ ಹೆಂಗಸೊಬ್ಬರು ಬಂದು ವೈರಸ್ಸಿನ ಚಿತ್ರ ತೋರಿಸಿದರು. ಪವಿತ್ರಳ ಸರದಿ ಬಂತು. ಎದ್ದು ನಿಂತು, ಡಿ.ಎನ್.ಎ.ಯನ್ನು ಪಕ್ಕಕ್ಕಿಟ್ಟು, "ಮೇಡಂ, ವೆನ್ ಐ ವಾಸ್ ಸೆಕೆಂಡ್ ಸ್ಟ್ಯಾಂಡರ್ಡ್, ಮದರ್ ಕೇಮ್ ಆನ್ ಮೈ ಬಾಡಿ. ಆಫ್ಟರ್ ನೈನ್ ಡೇಸ್ ಮದರ್ ವೆಂಟ್. ವೇರ್ ಮದರ್ ವೆಂಟ್, ಮೇಡಂ?" ಎಂದಳು.

ಆಯಮ್ಮನ ಮುಖ ಬಾಡಿತು. ಪಾಪದ ಹುಡುಗಿ, ತಾಯಿ ಬಿಟ್ಟುಹೋಗಿದ್ದಾಳೆ ಎಂದುಕೊಂಡರು. ಅಲ್ಲಿನ ಮಕ್ಕಳು ಎದೆಯ ಮೇಲೆ ಕೈ ಇಟ್ಟುಕೊಂಡರು. ನಾನು ಮೈಕಿನ ಮುಂದೆ ಬಗ್ಗಿ, ನಮ್ಮ ಕಡೆ ಚಿಕನ್ ಪಾಕ್ಸಿಗೆ ಅಮ್ಮ ಎನ್ನುತ್ತೇವೆ, ಅಮ್ಮ ಮೈಮೇಲೆ ಬರುತ್ತಾಳೆ, ಹೋಗುತ್ತಾಳೆ ಎಂದು ಬೆವರುತ್ತ ವಿವರಿಸಿದೆ. ವಿವರಿಸುವಾಗಲೇ ನನಗೆ ಅಮ್ಮ ಆದ ದಿನಗಳು ನೆನಪಾದವು. ಬಾಗಿಲಿಗೆ ಬೇವಿನ ಸೊಪ್ಪು, ಮನೆಯಲ್ಲಿ ಒಗ್ಗರಣೆ ಬಂದ್, ನನಗೆ ಬರೀ ಮೊಸರನ್ನ. ನಮ್ಮಮ್ಮ ಪಕ್ಕದಲ್ಲಿ ಕೂತು ಬೇವಿನ ಎಸಳಿನಿಂದ ಮೈ ನೇವರಿಸುತ್ತ, ನನ್ನ ಗುಳ್ಳೆಗಳಿಗೆ, "ತಣ್ಣಗಾಗು ತಾಯಿ, ಮಗ ಚಿಕ್ಕೋನು" ಎಂದು ಬೇಡಿಕೊಳ್ಳುತ್ತಿದ್ದಳು. ಅಷ್ಟು ಮರ್ಯಾದೆ ನಾನು ಯಾವ ಮೇಲಧಿಕಾರಿಗೂ ಕೊಟ್ಟಿಲ್ಲ.

ವಿಜ್ಞಾನಿಯ ಮುಖ ಅರಳಿತು. "ಈ ಪ್ರಶ್ನೆಗೇ ನಮ್ಮ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಿದ್ದೇವೆ. ನಿನ್ನ ಅಮ್ಮ ಎಲ್ಲೂ ಹೋಗಿಲ್ಲ ಮಗು. ಬೆನ್ನುಮೂಳೆಯ ಪಕ್ಕದ ನರಗಳಲ್ಲಿ ಮಲಗಿರುತ್ತಾಳೆ. ಎಷ್ಟೋ ವರ್ಷದ ಮೇಲೆ, ದೇಹ ಸೋತಾಗ, ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಏಳಬಹುದು. ನಿಮ್ಮಲ್ಲಿ ಯಾರಾದರೂ ಅದನ್ನು ನೋಡಿದ್ದೀರಾ?" ಎಂದು ಕೇಳಿದರು.

ನಾನು ಮ್ಯೂಟ್ ಗುಂಡಿ ಹುಡುಕುವಷ್ಟರಲ್ಲಿ ಇಡೀ ತರಗತಿ ನನ್ನ ಪಕ್ಕೆಯ ಕಡೆ ಬೆರಳು ತೋರಿಸಿ ಒಂದೇ ದನಿಯಲ್ಲಿ, "ನಮ್ ಸಾರ್‌ಗೇ ಆಗೈತೆ ಮೇಡಂ" ಎಂದಿತು. ಬೆವರಿಗೆ ಕೆಮ್ಮಣ್ಣು ಕರಗಿ ಬಿಳಿ ಅಂಗಿಯ ಮೇಲೆ ಹಾವು ಬಾಲಸಮೇತ ಮೂಡಿತ್ತು. ಆಯಮ್ಮ ನಗಲಿಲ್ಲ. ಯಾವಾಗ ಎದ್ದಿತು ಎಂದು ಕೇಳಿ, ನಿನ್ನೆ ಎಂದಾಗ, "ಇವತ್ತೇ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಮೊದಲ ದಿನಗಳಲ್ಲೇ ಬೀಳಬೇಕು" ಎಂದರು. ಸಂಜೆಯೇ ಅಜ್ಜಂಪುರದ ಡಾಕ್ಟರ ಮುಂದೆ ಕೂತೆ. ದಾರಿಯುದ್ದಕ್ಕೂ, ಅಮ್ಮ ಹೋಗಿಲ್ಲ, ಬೆನ್ನ ಹತ್ತಿರವೇ ಮಲಗಿದ್ದಾಳೆ ಎಂಬ ಮಾತೇ ತಲೆಯಲ್ಲಿತ್ತು. ವೈರಸ್ಸಿನ ಬಗ್ಗೆ ಹೇಳಿದ್ದು ಎಂದು ಗೊತ್ತಿದ್ದರೂ ಕಣ್ಣು ತುಂಬಿತು.

ಉರಿ ಇಳಿಯಿತು. ಮಾತ್ರೆಯಿಂದ ಎಂದು ನಾನು, ಕೆಮ್ಮಣ್ಣಿನಿಂದ ಎಂದು ಅಕ್ಕ. ಮುಂದಿನ ವಾರ ಪವಿತ್ರ ಪ್ರಾಜೆಕ್ಟ್ ಪುಸ್ತಕ ತಂದಿಟ್ಟಳು. 'ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂದು ನಾನೇ ಕಲಿಸಿದ ಪ್ರಕಾರ, ಬೆನ್ನೂ ಎಡಪಕ್ಕೆಯೂ ಕಾಣುವಂತೆ ಓರೆಯಾಗಿ ನಿಂತ ಗಂಡಸೊಬ್ಬನ ಚಿತ್ರವಿತ್ತು. ಬಾಣ ಎಳೆದು ನರ, ಗುಳ್ಳೆ, ಕೆಮ್ಮಣ್ಣು ಎಂದು ಗುರುತಿಸಿದ್ದಳು. ಬೆನ್ನುಮೂಳೆಯ ಪಕ್ಕದ ಚುಕ್ಕೆಗೆ 'ಅಮ್ಮ ಮಲಗಿರುವ ಜಾಗ' ಎಂದಿತ್ತು. ಅದನ್ನು ತುಂಬ ಹೊತ್ತು ನೋಡಿದೆ.

"ಸಾರ್, ಬಟ್ಟತಲೆ ಬರೀದೆ ಬಿಡ್ಲಾ ಅಂದ್ಕೊಂಡೆ. ಕಂಡಂಗೇ ಬರೀಬೇಕು ಅಂತ ನೀವೇ ಹೇಳಿದ್ರಲ್ಲ" ಎಂದಳು. ಕೆಂಪು ಪೆನ್ನು ತೆಗೆದು, ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಅವತ್ತು ಹೊಡೆದುಹಾಕಿದ್ದ ಪ್ರಶ್ನೆಯ ಪಕ್ಕದಲ್ಲಿ 'ಸರಿ' ಎಂದು ಬರೆದೆ. ಚಿತ್ರಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಹೊಟ್ಟೆಯನ್ನು ಸ್ವಲ್ಪ ಕಡಿಮೆ ಬರೆದಿದ್ದಳು.