ತಂತಿಗೆ ತಕ್ಕ ರೋಗ

ತನ್ನ ತಂಗಿಯ ಬಾಣಂತನಕ್ಕೆಂದು ಆದೋನಿಗೆ ಹೊರಟ ಹೆಂಡತಿಗೆ ನಾನೇ ಧೈರ್ಯ ಹೇಳಿ ಬಸ್ಸು ಹತ್ತಿಸಿದೆ.

"ಬೇಕಾದ್ರ ಮೂರು ತಿಂಗಳು ಇರು. ನನ್ನ ಚಿಂತಿ ಬ್ಯಾಡ!"

ಆಲೂರಿನಲ್ಲಿ ಇಷ್ಟು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಅನ್ನ ಬೇಯಿಸಲು, ಬಟ್ಟೆ ಒಗೆಯಲು ಬಾರದೇ?

ಮೂರನೆಯ ವಾರಕ್ಕೆ ಮೈಯೆಲ್ಲ ತುರಿಕೆ. ಹೊಟ್ಟೆ, ತೊಡೆ, ಕತ್ತುಗಳ ಅಹವಾಲನ್ನು ಖುದ್ದಾಗಿ ವಿಚಾರಿಸಿಕೊಂಡೆ. ಬೆನ್ನಿನ ನಡುಭಾಗ ಮಾತ್ರ ನನ್ನ ಅಧಿಕಾರವ್ಯಾಪ್ತಿಯಲ್ಲಿರಲಿಲ್ಲ! ಬಾಗಿಲ ಚೌಕಟ್ಟಿಗೆ ಅದನ್ನು ಉಜ್ಜುತ್ತಿದ್ದಾಗ ಎದುರುಮನೆಯ ತಿಮ್ಮಕ್ಕ ನೋಡಿಬಿಟ್ಟಳು.

"ಗುಮಾಸ್ತರ, ಎಮ್ಮಿ ತಿಕ್ಕಿದಂಗ ತಿಕ್ಕಾಕ ಹತ್ತೀರಲ್ಲ! ಅರಿಶಿಣ ಕಾಮಣಿ ಆದ್ರೂ ಮೈ ಕಡೀತೈತಿ ನೋಡ್ರಿ. ನಮ್ಮ ಮಾವಗ ಹಂಗ ಆಗಿತ್ತು."

"ಆಮ್ಯಾಲೆ?"

"ಆಮ್ಯಾಲೇನು, ಹೋದ್ರು."

ಹೆದರಬೇಕಾಗಿತ್ತು. ನಿಜ ಹೇಳುತ್ತೇನೆ, ಸಂತೋಷವಾಯಿತು! ಹೆಂಡತಿ ಇಲ್ಲದ ಮನೆ ನನಗೆ ಸಾಕಾಗಿಹೋಗಿತ್ತು. ಉಣ್ಣಲು ಕೂತರೆ "ಉಪ್ಪು ಸಾಕೇನ್ರಿ" ಎನ್ನುವವರಿಲ್ಲ. ಇಡೀ ಭಾನುವಾರ ನನ್ನ ಕೆಮ್ಮಿನ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಅಷ್ಟು ಧೈರ್ಯ ಹೇಳಿ ಕಳಿಸಿದ ಗಂಡಸು "ಬಾ" ಎಂದು ಬರೆಯುವುದು ಹೇಗೆ? ಕಾಮಣಿಯಾದರೆ ಮರ್ಯಾದೆಯಿಂದ ತಂತಿ ಕೊಡಬಹುದು.

ಮರುದಿನವೇ ಡಾಕ್ಟರ ಹತ್ತಿರ ಹೋದೆ. ಅವರು ಕಣ್ಣರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು.

"ಲಿವರ್ ಬಾಗುಂದಿ, ಚಲೋ ಐತಿ. ಕಾಮಣಿ ಇಲ್ಲ."

"ಮೂತ್ರಪಿಂಡ ಕೆಟ್ಟಿರಬಹುದೇನ್ರಿ?" ಆಸೆಯಿಂದ ಕೇಳಿದೆ.

ಮೂತ್ರ ಕಾಯಿಸಿ ನೋಡಿದರು. "ಏನೂ ಇಲ್ಲ."

"ಸಕ್ಕರಿ ರೋಗ? ನಮ್ಮಪ್ಪಗ ಇತ್ರಿ!"

"ನಿಮಗಿಲ್ಲ."

"ರಕ್ತನಾದ್ರೂ ಕೆಟ್ಟಿರಬೇಕಲ್ರಿ!"

ಡಾಕ್ಟರು ನನ್ನನ್ನು ದಿಟ್ಟಿಸಿ ನೋಡಿ, ಅಂಗಿಯ ಕಾಲರು ಮುಟ್ಟಿದರು. ಒಗೆಯುವ ಸೋಡಾ ಬೆಳ್ಳಗೆ ಅಂಟಿ, ಬಟ್ಟೆ ರಟ್ಟಿನಂತೆ ಗಡುಸಾಗಿತ್ತು.

"ಸೋಡಾದಾಗ ನೆನಸಿದ ಮ್ಯಾಲೆ ಒಳ್ಳೆ ನೀರಾಗ ಜಾಲಾಡ್ಸಲ್ಲೇನ್ರಿ?"

ಜಾಲಾಡಿಸಬೇಕೆಂದು ನನಗೆ ಯಾರು ಹೇಳಿದ್ದರು?

"ಡಾಕ್ಟ್ರ, ಚೀಟ್ಯಾಗ ಲಿವರ್ ಅಂತನಾದ್ರೂ ಬರೀರಿ," ಎಂದು ಅಂಗಲಾಚಿದೆ. "ಮನಿಯಾಕಿನ್ನ ಕರಸಬೇಕು."

"ಅದಕ್ಕ ಲಿವರ್ ಯಾಕ? ಬಾ ಅಂತ ಬರೀರಿ!"

ನಾಚಿಕೆ ಬಿಟ್ಟು ಕಾರ್ಡು ಬರೆದೆ: "ನಾನು ಕ್ಷೇಮ. ಮನೆ ಬಿಕೋ ಎನ್ನುತ್ತಿದೆ. ಬಾ."

ಮೂರನೆಯ ದಿನ ಆಕೆ ಬಸ್ಸಿಳಿದು ಓಡೋಡಿ ಬಂದಳು, ಹಿಂದೆ ಅವಳಣ್ಣ.

"ಏನಾಗೇತ್ರಿ ನಿಮಗ? ಹನ್ನೆರಡು ವರ್ಷದಾಗ ಒಮ್ಮಿಯಾದ್ರೂ ನನ್ನ ಬಾ ಅಂದೀರೇನು? ಇನ್ನ ಉಳಿಯಂಗಿಲ್ಲ ಅಂತ ತಿಳದು ಅಣ್ಣನ್ನೂ ಕರಕೊಂಡು ಬಂದೆ!"

ಅವಳಣ್ಣ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ತೋರಿಸಲು ನನ್ನ ಹತ್ತಿರ ಒಂದು ರೋಗವೂ ಇರಲಿಲ್ಲ!